ಪಕ್ಕದಾಗ ಯಾರು ಕುಂತಿರ್ತಾರೆ? ಮೊದಲ ಟ್ರ್ಯಾಕ್ ಡೇಗೆ ಮುಂಚಿನ ಒಂದು ತರಬೇತಿ ಪ್ರಕರಣ

ಅಳಿಯ, ಅಂದರೆ ನನ್ನ ಅಕ್ಕನ ಮಗ, ಮುಂಗಡ ಕಟ್ಟಿ ಬಂದ ಮೇಲೆ ನನಗೆ ವಿಷಯ ಹೇಳಿದ. ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ರೇಸ್ ಟ್ರ್ಯಾಕಿನಲ್ಲಿ ಒಂದು ದಿನ ನಮ್ಮ ನಮ್ಮ ಕಾರನ್ನೇ ಓಡಿಸೋಕೆ ಬಿಡ್ತಾರೆ, ಗೆಳೆಯರು ಐದು ಮಂದಿ ಹೊರಟಿದ್ದೀವಿ, ಇನ್ನೂ ಒಂಬತ್ತು ವಾರ ಐತೆ, ಅಷ್ಟರೊಳಗೆ ಏನೇನು ಮಾಡಿಸಬೇಕು ಮಾಮ, ಅಂತ. ‘ಮಾಡಿಸಬೇಕು’ ಅಂದದ್ದು ಕಾರಿಗೆ. ದಾವಣಗೆರೆಯ ಪಿ.ಬಿ. ರೋಡಿನಲ್ಲಿ ನನ್ನದೊಂದು ಟೈರ್ ಮತ್ತು ವೀಲ್ ಅಲೈನ್‌ಮೆಂಟ್ ಅಂಗಡಿ ಇರುವುದರಿಂದ ನೆಂಟರಿಷ್ಟರ ಕಾರಿನ ಮಾತೆಲ್ಲ ಕೊನೆಗೆ ನನ್ನ ಬಾಗಿಲಿಗೇ ಬರುತ್ತದೆ. ನಾನೂ ಆವತ್ತು ಕಾರಿನ ಬಗ್ಗೆಯೇ ಯೋಚಿಸಿದೆ: ಟೈರು, ಬ್ರೇಕ್ ಪ್ಯಾಡು, ಬ್ರೇಕ್ ಆಯಿಲ್. ಓಡಿಸುವವನ ಬಗ್ಗೆ ಯೋಚನೆ ಹುಟ್ಟಿಸಿದ್ದು ಅಕ್ಕ, ಅದೂ ಎರಡು ದಿನ ಬಿಟ್ಟು. ಈಚೆಗೆ ಇದೇ ಪ್ರಶ್ನೆ ಹಿಡಿದು ಅಂಗಡಿಗೆ ಬರುವ ಹುಡುಗರು ಹೆಚ್ಚಾಗಿದ್ದಾರೆ. ಒಬ್ಬೊಬ್ಬರಿಗೂ ಕೂತು ಹೇಳುವುದಕ್ಕಿಂತ ಒಮ್ಮೆ ಬರೆದಿಡುವುದು ವಾಸಿ ಅನ್ನಿಸಿತು.

ಟ್ರ್ಯಾಕ್ ಡೇ ಅಂದರೆ ರೇಸ್ ಅಲ್ಲ. ಗೆದ್ದವರು ಸೋತವರು ಇಲ್ಲ, ಕಪ್ಪು ಇಲ್ಲ. ಹದಿನೈದು ಇಪ್ಪತ್ತು ನಿಮಿಷದ ಸರದಿಯಲ್ಲಿ ಗುಂಪು ಗುಂಪಾಗಿ ಬಿಡುತ್ತಾರೆ. ಎದುರಿನಿಂದ ಯಾರೂ ಬರುವುದಿಲ್ಲ, ನಾಯಿ ಇಲ್ಲ, ಹಂಪ್ ಇಲ್ಲ. ಮುಂದಿನವನು ದಾರಿ ಬಿಟ್ಟರೆ ನೇರದಲ್ಲಿ ಮಾತ್ರ ಹಿಂದಿಕ್ಕಬಹುದು. ಇಷ್ಟೇ. ಇಷ್ಟೇ ಆದ್ದರಿಂದಲೇ ಜನ ಅದನ್ನು ಹಗುರವಾಗಿ ತೆಗೆದುಕೊಳ್ಳುತ್ತಾರೆ.

ವ್ಯಕ್ತಿ ಮತ್ತು ಕಾರು

ಅಳಿಯನಿಗೆ ವಯಸ್ಸು 33. ಎಪಿಎಂಸಿಯಲ್ಲಿ ಮನೆಯದೇ ಮೆಕ್ಕೆಜೋಳದ ದಲಾಲಿ ಅಂಗಡಿ. ಸುಗ್ಗಿ ಬಂತೆಂದರೆ ಜಗಳೂರು, ಹರಪನಹಳ್ಳಿ, ಚನ್ನಗಿರಿ ಅಂತ ದಿನಾ ಓಡಾಟ. ಹನ್ನೊಂದು ವರ್ಷದಿಂದ ಕಾರು ಓಡಿಸುತ್ತಿದ್ದಾನೆ, ಒಂದು ಸಲವೂ ಎಲ್ಲಿಗೂ ಗುದ್ದಿದವನಲ್ಲ. ಕಾರು ನಾಲ್ಕು ವರ್ಷದ ಫೋಕ್ಸ್‌ವ್ಯಾಗನ್ ಪೋಲೊ: ಒಂದು ಲೀಟರ್ ಟರ್ಬೊ ಪೆಟ್ರೋಲ್, 110 ಪಿಎಸ್ (ಅಶ್ವಶಕ್ತಿಯ ಅಳತೆ), ಆರು ಗೇರಿನ ಮ್ಯಾನುಯಲ್, ಮುಂದೆ ಡಿಸ್ಕ್, ಹಿಂದೆ ಡ್ರಮ್.

‘ನಾನು ಚೆನ್ನಾಗಿ ಓಡಿಸ್ತೀನಿ ಮಾಮ’ ಅನ್ನುವುದು ಅವನ ಮಾತು, ಸುಳ್ಳೂ ಅಲ್ಲ. ಸರ್ವಿಸ್ ರೋಡಿನಲ್ಲಿ ರಾಂಗ್ ಸೈಡಿಂದ ಬರುವ ಟ್ರ್ಯಾಕ್ಟರು, ಹಿಂದೆ ಲೈಟೇ ಇಲ್ಲದ ಟ್ರೇಲರು, ಡಿವೈಡರ್ ಸಂದಿಯಿಂದ ನುಗ್ಗುವ ಬೈಕು, ಇವನ್ನೆಲ್ಲ ಅರ್ಧ ಫರ್ಲಾಂಗು ಮುಂಚೆಯೇ ಮೂಸಿ ಹಿಡಿಯುವ ಜಾಣತನ ಅವನಿಗೆ ಇದೆ. ನಮ್ಮ ಕಡೆ ಹತ್ತು ವರ್ಷ ಓಡಿಸಿದ ಯಾರಿಗಾದರೂ ಬರುತ್ತದೆ. ಆದರೆ ಆ ಜಾಣತನದ ಸಾರವೇ ಕಾರನ್ನು ಅಂಚಿಗೆ ಒಯ್ಯದೆ ಇರುವುದು. ಹೀಗಾಗಿ ಅಂಚಿನಲ್ಲಿ ಕಾರು ಹೇಗೆ ನಡೆದುಕೊಳ್ಳುತ್ತದೆ ಎನ್ನುವುದನ್ನು ಹನ್ನೊಂದು ವರ್ಷದಲ್ಲಿ ಅವನು ಒಂದು ಸಲವೂ ಕಂಡಿರಲಿಲ್ಲ.

ಇನ್ನೊಂದು ತಮಾಷೆ ಹೇಳಬೇಕು. ನಮ್ಮೂರ ಪಕ್ಕದಲ್ಲಿ ಹಾಯುವ ರಾಷ್ಟ್ರೀಯ ಹೆದ್ದಾರಿ 48, ಚಿತ್ರದುರ್ಗ, ತುಮಕೂರು, ಬೆಂಗಳೂರು, ಕೃಷ್ಣಗಿರಿ ದಾಟಿ ಶ್ರೀಪೆರಂಬುದೂರಿನ ಮೇಲೆ ಚೆನ್ನೈಗೆ ಹೋಗುತ್ತದೆ. ಇರುಂಗಾಟ್ಟುಕೋಟೈ ಇರುವುದೂ ಅದೇ ರಸ್ತೆಯ ಮೇಲೆ. ಆರುನೂರು ಕಿ.ಮೀ.ಗೆ ಸ್ವಲ್ಪ ಕಡಿಮೆ ದೂರ, ನಂಬರ್ ಒಂದೇ. ‘ರೋಡು ಒಂದೇ ಅಂದ್ಮೇಲೆ ಓಡಿಸೋದೂ ಒಂದೇ ಅಲ್ವಾ’ ಅಂತ ಭಾವ ನಕ್ಕರು. ಅವರಿಗೆ ಈ ಯೋಜನೆಯೇ ಇಷ್ಟವಿರಲಿಲ್ಲ.

ನನ್ನ ಮೊದಲ ಸಲಹೆ, ಅಕ್ಕನ ಪ್ರಶ್ನೆ

ಅವನ ಹತ್ತಿರ ಇದ್ದದ್ದು ಅರವತ್ತು ಸಾವಿರ ರೂಪಾಯಿ. ನಾನು ಕಾಗದ ತೆಗೆದು ಲೆಕ್ಕ ಹಾಕಿದೆ: ಒಳ್ಳೆ ಟೈರು ನಾಲ್ಕು, ಮುಂದಿನ ಪ್ಯಾಡು, ಅಲೈನ್‌ಮೆಂಟು. ಅಷ್ಟಕ್ಕೇ ಮುಕ್ಕಾಲು ಪಾಲು ಖಾಲಿ. ಟೈರ್ ಅಂಗಡಿಯವನನ್ನು ಕೇಳಿದರೆ ಟೈರೇ ಹೇಳುತ್ತಾನೆ; ಅದರಲ್ಲಿ ಆಶ್ಚರ್ಯ ಇಲ್ಲ. ಜೊತೆಗೆ ಹೊರಟಿದ್ದ ಗೆಳೆಯರಲ್ಲಿ ಒಬ್ಬ ಎಕ್ಸಾಸ್ಟ್ ಬದಲಿಸಿದ್ದ, ಇನ್ನೊಬ್ಬ ಇಂಜಿನ್ ರೀಮ್ಯಾಪ್ ಮಾಡಿಸಿದ್ದ, ಅಂದರೆ ಇಂಜಿನ್ನಿನ ಕಂಪ್ಯೂಟರ್ ಸೆಟ್ಟಿಂಗ್ ಬದಲಿಸಿ ಶಕ್ತಿ ಹೆಚ್ಚಿಸಿಕೊಂಡಿದ್ದ.

ಭಾನುವಾರ ಸಂಜೆ ಅಕ್ಕನ ಮನೆಯಲ್ಲಿ ನರ್ಗಿಸ್ ಮಂಡಕ್ಕಿ, ಮೆಣಸಿನಕಾಯಿ ಇಟ್ಟುಕೊಂಡು ಇದೇ ಮಾತು ನಡೆದಿತ್ತು. ಅಕ್ಕ ಅಡುಗೆಮನೆಯಿಂದಲೇ ಕೇಳಿದಳು: ‘ಅಲ್ಲೋ, ಇವನು ಡ್ರೈವಿಂಗ್ ಕಲಿಬೇಕಾದ್ರೆ ಆ ಮಾರುತಿ ಒಳಗೆ ಮಾಸ್ತರು ಪಕ್ಕದಾಗ ಕುಂತಿದ್ರು. ಅವರ ಕಾಲ ಕೆಳಗೂ ಒಂದು ಬ್ರೇಕ್ ಇತ್ತು. ಅಲ್ಲಿ ಪಕ್ಕದಾಗ ಯಾರು ಕುಂತಿರ್ತಾರೆ?’

ಯಾರೂ ಇಲ್ಲ ಅಂತ ಅಳಿಯ ಹೇಳಿದ. ಅಕ್ಕ ಮತ್ತೆ ಏನೂ ಅನ್ನಲಿಲ್ಲ, ಒಗ್ಗರಣೆ ಸದ್ದು ಮಾತ್ರ ಬಂತು. ಆಮೇಲೆ ನಾವು ತರಬೇತಿ ಹುಡುಕಿದಷ್ಟೂ ದಿನ, ಅಳತೆಗೋಲಾಗಿ ನಿಂತದ್ದು ಅವಳ ಆ ಒಂದು ಪ್ರಶ್ನೆ.

ಹುಡುಕಾಟ

ಮೊದಲು ಬಂದ ಸಲಹೆ ಗೆಳೆಯರದು, ದುಡ್ಡೇ ಬೇಡದ್ದು: ಬೆಳಗಿನ ಜಾವ ಆನಗೋಡಿಂದ ಭರಮಸಾಗರದವರೆಗೆ ಹೈವೇ ಖಾಲಿ ಇರ್ತದೆ, ಅಲ್ಲೇ ಪ್ರ್ಯಾಕ್ಟೀಸ್ ಮಾಡಿದರಾಯಿತು. ಇದನ್ನು ಚರ್ಚಿಸುವ ಅಗತ್ಯವೇ ಇಲ್ಲ. ಸಾರ್ವಜನಿಕ ರಸ್ತೆಯಲ್ಲಿ ವೇಗದ ಪರೀಕ್ಷೆ ಮಾಡಿದರೆ ಮೋಟಾರು ವಾಹನ ಕಾಯ್ದೆಯ 189ನೇ ಕಲಂ ಪ್ರಕಾರ ಮೂರು ತಿಂಗಳವರೆಗೆ ಜೈಲು ಅಥವಾ 5000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಕಾನೂನು ಹಾಗಿರಲಿ, ಆ ಹೊತ್ತಿನಲ್ಲಿ ಹಾಲಿನ ಕ್ಯಾನ್ ಕಟ್ಟಿಕೊಂಡು ಬೈಕಿನಲ್ಲಿ ರಸ್ತೆ ದಾಟುವವನಿಗೆ ನಿಮ್ಮ ಪ್ರ್ಯಾಕ್ಟೀಸ್ ಗೊತ್ತಿರುವುದಿಲ್ಲ.

ಎರಡನೆಯದು ಬೆಂಗಳೂರಿನ ಗೋ-ಕಾರ್ಟಿಂಗ್. ಹೆಣ್ಣೂರು–ಬಾಗಲೂರು ರಸ್ತೆಯ ಮೆಕೊ ಕಾರ್ಟೋಪಿಯಾಗೆ ಎರಡು ಸಲ ಹೋಗಿ ಬಂದ. ಇದರಿಂದ ಉಪಯೋಗ ಆಯಿತು, ಆದರೆ ಅವನು ಅಂದುಕೊಂಡ ಉಪಯೋಗ ಅಲ್ಲ. ಕಾರ್ಟ್‌ಗೆ ಸಸ್ಪೆನ್ಶನ್ ಇಲ್ಲ, ತಿರುವಿನಲ್ಲಿ ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಶಿಯಲ್ ಇಲ್ಲ, ಬಾಡಿಗೆ ಕಾರ್ಟಿನ ಬ್ರೇಕು ಹಿಂದಿನ ಆಕ್ಸಲ್‌ಗೆ ಮಾತ್ರ, ಅದನ್ನು ಒತ್ತುವುದು ಎಡಗಾಲಲ್ಲಿ. ಅಲ್ಲಿ ಕಲಿತ ಬ್ರೇಕಿನ ಲೆಕ್ಕವನ್ನು ಪೋಲೊಗೆ ಹಚ್ಚಿದರೆ ಎಡವಟ್ಟು. ಕಣ್ಣಿನ ಪಾಠ ಮಾತ್ರ ಒಂದೇ. ಅಂಚಿಗೆ ಪೇರಿಸಿದ ಟೈರನ್ನು ದಿಟ್ಟಿಸಿದರೆ ಕಾರ್ಟು ಅಲ್ಲಿಗೇ ಹೋಗುತ್ತದೆ, ತಿರುವಿನ ಬಾಯಿ ನೋಡಿದರೆ ಅತ್ತ ಹೋಗುತ್ತದೆ. ಸ್ಟೇರಿಂಗ್ ಜಾಸ್ತಿ ತಿರುಗಿಸಿದಷ್ಟೂ ಮುಂದಿನ ಟೈರು ಉಜ್ಜಿಕೊಂಡು ವೇಗ ಸಾಯುತ್ತದೆ ಎನ್ನುವುದೂ ಕೈಗೆ ಹತ್ತಿತು. ಎರಡು ದಿನದ ಖರ್ಚಿಗೆ ಅಷ್ಟು ಸಾಕು.

ಕಂಪ್ಯೂಟರ್ ಸಿಮ್ಯುಲೇಟರ್ ಬಗ್ಗೆ ಹೆಚ್ಚು ಹೇಳಲಾರೆ. ತಿರುವು ಯಾವುದಾದ ಮೇಲೆ ಯಾವುದು ಎಂದು ಬಾಯಿಪಾಠ ಆಗುತ್ತದೆ. ಹೊಟ್ಟೆಯಲ್ಲಿ ಆಗುವ ತಳಮಳ ಅದರಲ್ಲಿ ಬರುವುದಿಲ್ಲ.

ಕೊನೆಗೆ ಉಳಿದದ್ದು ಮೂರು ತರಬೇತಿಗಳು. ಹೆಸರು ಬರೆಯುವುದಿಲ್ಲ, ಮೂರೂ ತಮ್ಮ ತಮ್ಮ ಕೆಲಸಕ್ಕೆ ಸರಿಯಾದವೇ.

ಒಂದು ದೊಡ್ಡದು, ಕಾರೂ ಅವರದೇ. ಬೆಳಿಗ್ಗೆ ತರಗತಿ, ಮಧ್ಯಾಹ್ನ ಮೂರು ಅಭ್ಯಾಸ, ಕೋಚ್ ಹೊರಗೆ ನಿಂತು ವಾಕಿಟಾಕಿಯಲ್ಲಿ ಹೇಳುತ್ತಾರೆ. ಒಬ್ಬರಿಗೆ ಸ್ಟೇರಿಂಗ್ ಸಿಗುವುದು ದಿನಕ್ಕೆ ಒಟ್ಟು ಇಪ್ಪತ್ತು ನಿಮಿಷ. ಇದನ್ನು ಅವರಾಗಿ ಹೇಳಲಿಲ್ಲ. ‘ನನ್ನ ಕೈಗೆ ಕಾರು ಎಷ್ಟು ನಿಮಿಷ ಸಿಗುತ್ತೆ ಸರ್’ ಅಂತ ಅಳಿಯ ಮೂರು ಸಲ ಕೇಳಿದ ಮೇಲೆ ಬಾಯಿಬಿಟ್ಟರು.

ಎರಡನೆಯದು ರೇಸಿಂಗ್ ಶಾಲೆ. ಫಾರ್ಮುಲಾ ಮಾದರಿಯ ಒಂಟಿ ಸೀಟಿನ ಕಾರು, ರೇಸಿಂಗ್ ಲೈಸೆನ್ಸ್‌ವರೆಗೆ ಒಯ್ಯುವ ದಾರಿ. ನನ್ನ ಮನಸ್ಸು ಬಿದ್ದದ್ದು ಇದರ ಮೇಲೆ. ತೊಂಬತ್ತರ ದಶಕದಲ್ಲಿ ಒಂದು ತಂಡಕ್ಕೆ ಟೈರ್ ಬದಲಿಸುವ ಹುಡುಗನಾಗಿ ನಾನು ಇರುಂಗಾಟ್ಟುಕೋಟೈಗೆ ಹೋಗಿದ್ದೆ. ಚೆನ್ನೈ ರೇಸುಗಳು ಶೋಲಾವರಂನ ಹಳೆಯ ವಿಮಾನಪಟ್ಟಿ ಬಿಟ್ಟು, 1990ರಲ್ಲಿ ಆರಂಭವಾದ ಈ ಟ್ರ್ಯಾಕಿಗೆ ಬಂದು ಹೆಚ್ಚು ದಿನ ಆಗಿರಲಿಲ್ಲ. ಅಲ್ಲಿ ಫಾರ್ಮುಲಾ ಮಾರುತಿ ಕಾರುಗಳು ಓಡುವುದನ್ನು ಕಂಡ ಹುಚ್ಚು ಇನ್ನೂ ಇಳಿದಿಲ್ಲ. ಆ ಕಾರನ್ನು ರೂಪಿಸಿದ ಎಸ್. ಕರಿವರ್ಧನ್ ಕೊಯಮತ್ತೂರಿನ ಮಿಲ್ ಮನೆತನದವರು. ಅವರ ಹೆಸರಿನಲ್ಲೇ ಅಲ್ಲಿ 2.1 ಕಿ.ಮೀ.ನ ಕರಿ ಮೋಟಾರ್ ಸ್ಪೀಡ್‌ವೇ ಇದೆ. ನಮ್ಮೂರೂ ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡಿತ್ತು, ಮಿಲ್ಲು ನಮ್ಮಲ್ಲೂ ಇದ್ದವು. ಮಿಲ್ಲಿನವರಾರೂ ನಮಗೆ ರೇಸ್ ಟ್ರ್ಯಾಕ್ ಬಿಟ್ಟು ಹೋಗಲಿಲ್ಲ, ಇರಲಿ.

‘ಈ ಶಾಲೆಗೇ ಸೇರು’ ಅಂತ ಹೇಳುವಾಗಲೇ ಅಕ್ಕನ ಪ್ರಶ್ನೆ ನೆನಪಾಯಿತು. ಆ ಕಾರಲ್ಲಿ ಪಕ್ಕದ ಸೀಟೇ ಇಲ್ಲ! ಅಲ್ಲಿ ಕಲಿತದ್ದನ್ನು ಮುಂಚಕ್ರ ಎಳೆಯುವ, ಒಂದು ಟನ್ ಮೀರಿದ ಮನೆಯ ಕಾರಿಗೆ ಹೊಂದಿಸುವ ಕೆಲಸವೂ ಅವನ ತಲೆಗೇ ಬೀಳುತ್ತದೆ. ರೇಸಿಗೆ ಇಳಿಯುವವನಿಗೆ ಅದು ಸರಿ. ಇವನು ರೇಸಿಗೆ ಇಳಿಯುವವನಲ್ಲ, ಸೋಮವಾರ ಬೆಳಿಗ್ಗೆ ಮಂಡಿ ಬಾಗಿಲು ತೆಗೆಯಬೇಕಾದವನು.

ಮೂರನೆಯದು ಚಿಕ್ಕದು. ನಿಮ್ಮ ಕಾರು ನೀವೇ ತರಬೇಕು. ಇಬ್ಬರು ಕಲಿಯುವವರಿಗೆ ಒಬ್ಬ ಕೋಚ್, ಸರದಿಯಂತೆ ಇಪ್ಪತ್ತು ನಿಮಿಷ, ಹೆಲ್ಮೆಟ್ ಹಾಕಿ ಎಡಗಡೆ ಸೀಟಲ್ಲಿ ಕೂರುತ್ತಾರೆ. ಬೆಳಿಗ್ಗೆ ಬ್ರೇಕ್ ಅಭ್ಯಾಸ, ಆಮೇಲೆ ಟ್ರ್ಯಾಕು. ಲೆಕ್ಕ ಹಾಕಿದರೆ ಕೋಚ್ ಪಕ್ಕದಲ್ಲಿ ಇರುವ ಹೊತ್ತೇ ನೂರು ನಿಮಿಷದ ಹತ್ತಿರ. ಫೋನಿನಲ್ಲಿ ಅಳಿಯ ಕೇಳುವ ಮುಂಚೆಯೇ ಅವರು ಎರಡು ಮಾತು ಹೇಳಿದರು: ಆಂಬುಲೆನ್ಸ್ ಬರುವವರೆಗೆ ಟ್ರ್ಯಾಕಿಗೆ ಕಾರು ಬಿಡುವುದಿಲ್ಲ, ಮತ್ತು ಹೇಳಿದ್ದು ಕೇಳದವರನ್ನು ಹಣ ವಾಪಸ್ ಕೊಟ್ಟು ಕಳಿಸುತ್ತೇವೆ. ಎರಡನೆಯ ಮಾತಿಗೆ ನಾನು ಹೆಚ್ಚು ಬೆಲೆ ಕೊಟ್ಟೆ.

ವಿಮೆಯ ತೊಡಕು

ಸ್ವಂತ ಕಾರು ಅಂದ ಕೂಡಲೇ ಇದನ್ನು ನೋಡಲೇಬೇಕಿತ್ತು. ನಮ್ಮ ಕಾರಿನ ವಿಮೆ ಪಾಲಿಸಿಯಲ್ಲಿ ಬಳಕೆಯ ಮಿತಿಗಳು ಅಂತ ಒಂದು ಭಾಗ ಇರುತ್ತದೆ, ಯಾರೂ ಓದುವುದಿಲ್ಲ. ವ್ಯವಸ್ಥಿತ ರೇಸಿಂಗ್, ಪೇಸ್ ಮೇಕಿಂಗ್ (ಮುಂದೆ ಓಡಿ ಉಳಿದವರಿಗೆ ವೇಗ ಕಟ್ಟಿಕೊಡುವುದು), ವೇಗ ಪರೀಕ್ಷೆ, ರಿಲಯಬಿಲಿಟಿ ಟ್ರಯಲ್ (ಕಾರು ಎಷ್ಟು ತಾಳುತ್ತದೆ ಅನ್ನುವ ಪರೀಕ್ಷೆ), ಇವಕ್ಕೆ ಪಾಲಿಸಿ ಒಪ್ಪುವುದಿಲ್ಲ ಅಂತ ಅಲ್ಲಿ ಬರೆದಿರುತ್ತದೆ. ‘ತರಬೇತಿ ಅಂದ್ರೆ ರೇಸ್ ಅಲ್ಲವಲ್ಲ ಸರ್, ನಡೀತದೆ ಬಿಡಿ’ ಅಂದ ಏಜೆಂಟ್. ಹಾಗಂತ ಒಂದು ಸಾಲು ಬರೆದು ಕೊಡಿ ಅಂದರೆ ಫೋನ್ ಎತ್ತುವುದನ್ನೇ ಬಿಟ್ಟ. ನಾವು ವಿಮೆ ಇಲ್ಲ ಅಂತಲೇ ಲೆಕ್ಕಕ್ಕೆ ತೆಗೆದುಕೊಂಡೆವು. ಬಂಪರ್ ಹೋದರೂ, ಇಡೀ ಕಾರು ಹೋದರೂ ಸ್ವಂತ ಜೇಬು.

ಇಲ್ಲಿ ಭಾವನಿಗೂ ಅಳಿಯನಿಗೂ ಜೋರು ಮಾತಾಯಿತು. ಅವರ ಕಾರಲ್ಲೇ ಕಲಿಸುವ ಮೊದಲನೆಯ ತರಬೇತಿಗೆ ಹೋದರೆ ಈ ತಲೆನೋವೇ ಇಲ್ಲವಲ್ಲ ಅನ್ನುವುದು ಭಾವನ ವಾದ, ಮತ್ತು ಅದು ತೆಗೆದುಹಾಕುವಂಥ ವಾದವಲ್ಲ. ಆದರೆ ಟ್ರ್ಯಾಕ್ ಡೇಗೆ ಹೇಗೂ ಸ್ವಂತ ಕಾರನ್ನೇ ಒಯ್ಯುವುದು. ಆ ಅಪಾಯವನ್ನು ಮೊದಲ ಸಲ ಒಬ್ಬನೇ ಎದುರಿಸುವುದಕ್ಕಿಂತ, ಪಕ್ಕದಲ್ಲಿ ತಿಳಿದವರು ಇರುವಾಗ ಎದುರಿಸಲಿ ಅಂತ ನಾನು ಹೇಳಿದೆ. ಭಾವ ಒಪ್ಪಿದರು ಅನ್ನಲಾರೆ. ‘ಕಾರು ಹೋಯ್ತು ಅಂತ ಈಗಲೇ ಬರ್ಕೊಂಡು ಹೋಗು’ ಅಂದು ಎದ್ದು ಹೋದರು.

ದಿನಾಂಕದ ಬಗ್ಗೆಯೂ ಒಂದು ಮಾತು. ಶನಿವಾರ ತರಬೇತಿ, ಭಾನುವಾರ ಟ್ರ್ಯಾಕ್ ಡೇ ಅಂತ ಒಂದೇ ಓಡಾಟದಲ್ಲಿ ಮುಗಿಸುವ ಆಸೆ ಅವನದು. ಪೆಟ್ರೋಲು, ಟೋಲು, ಲಾಡ್ಜು ಎಲ್ಲ ಅರ್ಧ. ನಾನು ಬೇಡ ಅಂದೆ. ನಡುವೆ ಮೂರು ವಾರ ಇರಲಿ, ಕಲಿತದ್ದು ಮೈಗೆ ಇಳಿಯಲಿ, ಕಾರನ್ನೂ ಎತ್ತಿ ನೋಡೋಣ. ಈ ಇಡೀ ಪ್ರಕರಣದಲ್ಲಿ ನಾನು ಮೊದಲ ಸಲಕ್ಕೇ ಸರಿಯಾಗಿ ಹೇಳಿದ್ದು ಇದೊಂದೇ ಇರಬೇಕು.

ತರಬೇತಿಯ ದಿನ

ನಾನೂ ಜೊತೆಗೆ ಹೋಗಿದ್ದೆ. ಕಾರಿನಿಂದ ಸ್ಟೆಪ್ನಿ, ಜಾಕು, ಮ್ಯಾಟು, ಡ್ಯಾಶ್‌ಬೋರ್ಡಿನ ಗಣಪತಿ, ಬಾಗಿಲ ಸಂದಿಯ ನೀರಿನ ಬಾಟ್ಲಿ ಎಲ್ಲ ಇಳಿಸಿದೆವು. ಗಣಪತಿಯನ್ನು ಇಳಿಸುವಾಗ ಅಳಿಯ ಕಣ್ಣಿಗೆ ಒತ್ತಿಕೊಂಡು ಜೇಬಿಗೆ ಹಾಕಿಕೊಂಡ.

ಕೋಚ್ ಬೆಂಗಳೂರಿನವರು, ಐವತ್ತು ದಾಟಿದವರು, ಮಾತು ಕಡಿಮೆ. ಕಾರು ಹತ್ತಿ ಮೊದಲ ಹತ್ತು ನಿಮಿಷ ಇಂಜಿನ್ ಚಾಲೂ ಮಾಡಿಸಲಿಲ್ಲ, ಸೀಟು ಸರಿಮಾಡಿಸಿದರು. ನಮ್ಮವನು ಹೈವೇಯಲ್ಲಿ ಕೂರುವ ಹಾಗೆ ಸೀಟು ಹಿಂದೆ ತಳ್ಳಿ, ಒಂದು ಕೈ ಸ್ಟೇರಿಂಗ್ ನೆತ್ತಿಗೆ, ಇನ್ನೊಂದು ಗೇರಿನ ಮೇಲೆ ಇಟ್ಟು ಒರಗಿದ್ದ. ಬೆನ್ನು ಸೀಟಿಗೆ ಅಂಟಿರುವಾಗಲೇ ಮಣಿಕಟ್ಟು ಸ್ಟೇರಿಂಗಿನ ಮೇಲಂಚಿಗೆ ತಾಗಬೇಕು, ಬ್ರೇಕನ್ನು ಕೊನೆವರೆಗೆ ತುಳಿದಾಗಲೂ ಮೊಣಕಾಲು ಸ್ವಲ್ಪ ಮಡಿಚಿರಬೇಕು, ಕೈ ಗಡಿಯಾರದ ಒಂಬತ್ತು ಮತ್ತು ಮೂರರ ಜಾಗದಲ್ಲಿ. ‘ಸ್ಟೇರಿಂಗ್ ಹಿಡ್ಕೊಂಡು ಜೋತಾಡಬೇಡಿ ಸರ್. ನಿಮ್ಮನ್ನ ಹಿಡಿಯೋದು ಸೀಟು, ಕೈ ಇರೋದು ಟೈರಿನ ಮಾತು ಕೇಳೋಕೆ’ ಅಂದರು. ನಾನು ಮೂವತ್ತು ವರ್ಷ ಟೈರು ಮಾರಿದವನು, ಈ ಮಾತನ್ನು ಇಷ್ಟು ಚೊಕ್ಕವಾಗಿ ಎಂದೂ ಹೇಳಿರಲಿಲ್ಲ.

ಆಮೇಲೆ ಬ್ರೇಕು. ಇಡೀ ದಿನದ ಜೀವಾಳ ಇದೇ ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಕೋನ್ ಇಟ್ಟ ನೇರ ದಾರಿ. 80 ಕಿ.ಮೀ. ವೇಗದಲ್ಲಿ ಬಂದು, ಕೋನ್ ಹತ್ತಿರ ಪೂರ್ತಿ ಬಲ ಹಾಕಿ ಬ್ರೇಕ್ ತುಳಿದು ನಿಲ್ಲಿಸಬೇಕು. ಕೇಳಲು ಏನೂ ಇಲ್ಲ. ಅಳಿಯ ಮೊದಲ ಸಲ ತುಳಿದ, ಪೆಡಲ್ ಕಾಲಡಿ ಗಡಗಡ ನಡುಗಿತು, ಕಾಲು ಎತ್ತಿಬಿಟ್ಟ. ಎರಡನೆಯ ಸಲವೂ ಎತ್ತಿದ. ಮೂರು, ನಾಲ್ಕು, ಅದೇ ಕತೆ. ನಡುಗಿದ್ದು ಎಬಿಎಸ್. ಚಕ್ರ ಪೂರ್ತಿ ಕಚ್ಚಿಕೊಳ್ಳದ ಹಾಗೆ ಸೆಕೆಂಡಿಗೆ ಹಲವು ಸಲ ಬ್ರೇಕಿನ ಒತ್ತಡವನ್ನು ಬಿಟ್ಟು ಹಿಡಿಯುವುದೇ ಅದರ ಕೆಲಸ, ಆ ಬಡಿತ ಪೆಡಲಿಗೆ ಬರುತ್ತದೆ. ಎಬಿಎಸ್ ಇರುವ ಕಾರನ್ನು ವರ್ಷಗಟ್ಟಲೆ ಓಡಿಸಿಯೂ ಒಂದು ದಿನ ಆ ನಡುಕ ಅವನ ಕಾಲಿಗೆ ತಾಗಿರಲಿಲ್ಲ. ಕಾರು ಮುರಿಯಿತು ಅಂತಲೇ ಹೆದರಿದ್ದ.

ಯೋಚಿಸಿ ನೋಡಿ. ನಾವು ದಿನಾ ಬ್ರೇಕನ್ನು ಒಂದಿಷ್ಟು ಒತ್ತುತ್ತೇವೆ, ಬಿಡುತ್ತೇವೆ, ಹಾರ್ನ್ ಹೊಡೆಯುತ್ತೇವೆ. ಪೂರ್ತಿ ಬ್ರೇಕ್ ಬೇಕಾಗುವ ಗಳಿಗೆ ಹತ್ತು ವರ್ಷಕ್ಕೊಮ್ಮೆ ಬರುತ್ತದೆ, ಆಗಲೂ ಕಾಲು ಅರ್ಧ ದಾರಿಯಲ್ಲಿ ಹೆದರಿ ಹಿಂದೆ ಸರಿಯುತ್ತದೆ. ಐದನೆಯ ಸಲ ಕೋಚ್ ತಮ್ಮ ಎಡಗೈಯಲ್ಲಿ ಬಾಗಿಲ ಹಿಡಿ ಹಿಡಿದು, ‘ಬಿಡಬೇಡಿ ಬಿಡಬೇಡಿ ಬಿಡಬೇಡಿ’ ಅಂತ ಕಾರು ನಿಲ್ಲುವವರೆಗೂ ಕೂಗಿದರು. ನಿಂತಿತು. ಹೊರಗೆ ವಾಕಿಟಾಕಿ ಹಿಡಿದು ನಿಂತವರಿಗೆ ಅವನ ಕಾಲು ಎದ್ದದ್ದು ಕಾಣುತ್ತಿರಲಿಲ್ಲ. ಬ್ರೇಕ್ ಲೈಟ್ ಆರಿದ್ದು ಕಂಡರೂ ಹೇಳುವ ಹೊತ್ತಿಗೆ ತಡ. ಅಕ್ಕನ ಪ್ರಶ್ನೆಗೆ ಉತ್ತರ ನನಗೆ ಆ ಕ್ಷಣ ಸಿಕ್ಕಿತು.

ನಾನು ಸುಮ್ಮನಿರಲಾರದೆ ಹೆಜ್ಜೆ ಹಾಕಿ ಅಳೆಯುತ್ತಿದ್ದೆ. ಮೊದಲ ಸಲ ಕೋನಿನಿಂದ ಐವತ್ತು ಮೀಟರು ಮೀರಿ ನಿಂತಿದ್ದ ಕಾರು, ಹನ್ನೆರಡನೆಯ ಸಲಕ್ಕೆ ಮೂವತ್ತರ ಆಸುಪಾಸಿಗೆ ಬಂದಿತ್ತು. ಅದೇ ಕಾರು, ಅದೇ ಟೈರು, ಅದೇ ಪ್ಯಾಡು. ನನ್ನ ಅಂಗಡಿಯಲ್ಲಿರುವ ಯಾವ ಟೈರೂ ಇಪ್ಪತ್ತು ಮೀಟರ್ ಉಳಿಸಿ ಕೊಡುವುದಿಲ್ಲ.

ಟ್ರ್ಯಾಕಿಗೆ ಇಳಿದ ಮೇಲೆ ಹೇಳಿಸಿಕೊಂಡ ಮಾತುಗಳೆಲ್ಲ ಹೆಚ್ಚುಕಡಿಮೆ ಎರಡೇ: ‘ಕಣ್ಣು ಮುಂದೆ’ ಮತ್ತು ‘ನೇರದಲ್ಲೇ ಬ್ರೇಕ್ ಮುಗಿಸಿ’. 3.717 ಕಿ.ಮೀ. ಸುತ್ತು. ಟೈರಿಗೆ ಇರುವ ಹಿಡಿತ ಒಂದು ಚೀಲ ಕಾಳಿದ್ದ ಹಾಗೆ, ಬ್ರೇಕಿಗೆ ಅಳೆದು ಕೊಟ್ಟಷ್ಟೂ ತಿರುವಿಗೆ ಕಡಿಮೆ ಉಳಿಯುತ್ತದೆ. ಬ್ರೇಕ್ ತುಳಿದುಕೊಂಡೇ ಸ್ಟೇರಿಂಗ್ ಎಳೆದರೆ ಎರಡಕ್ಕೂ ಸಾಲದೆ ಕಾರು ನೇರ ಹೋಗುತ್ತದೆ. ಆಗ ಇನ್ನಷ್ಟು ತಿರುಗಿಸುವುದು ನಮ್ಮೆಲ್ಲರ ಹುಟ್ಟು ಚಾಳಿ; ಮಾಡಬೇಕಾದ್ದು, ಬ್ರೇಕಾಗಲಿ ಆಕ್ಸಿಲರೇಟರಾಗಲಿ ತುಳಿದದ್ದನ್ನು ಸ್ವಲ್ಪ ಸಡಿಲಿಸಿ, ಸ್ಟೇರಿಂಗನ್ನೂ ಸ್ವಲ್ಪ ಬಿಚ್ಚಿ, ಮುಂದಿನ ಟೈರಿಗೆ ಉಸಿರು ಕೊಡುವುದು. ಹಾಗಂತ ವೇಗದ ತಿರುವಿನ ನಡುವೆ ಹೆದರಿ ಆಕ್ಸಿಲರೇಟರಿಂದ ಕಾಲನ್ನು ಪಟ್ಟನೆ ಎತ್ತಿದರೆ ಭಾರವೆಲ್ಲ ಮುಂದಕ್ಕೆ ಬಂದು ಹಿಂಭಾಗ ಹಗುರಾಗಿ ಜಾರುತ್ತದೆ. ಮುಂಚಕ್ರದ ಕಾರು ಹಿಂದೆ ಜಾರುವುದಿಲ್ಲ ಅಂತ ನಂಬಿದವರು ಬಹಳ ಜನ. ಕೋಚ್ ಇದನ್ನು ಬಾಯಲ್ಲಿ ಮಾತ್ರ ಹೇಳಿದರು, ಮಾಡಿ ತೋರಿಸಲಿಲ್ಲ. ತಿರುವಿನೊಳಗೂ ಬ್ರೇಕ್ ಎಳೆದುಕೊಂಡು ಹೋಗುವ ವಿದ್ಯೆಯನ್ನು ಅಳಿಯ ಕೇಳಿದಾಗ, ‘ಮುಂದಿನ ಸಲ’ ಅಂದರು. ಲ್ಯಾಪ್ ಟೈಮ್ ನೋಡಲು ಮೊಬೈಲ್ ಹಚ್ಚಿದ್ದನ್ನು ಬಿಚ್ಚಿಸಿದರು.

ಮಧ್ಯದ ಮೂರು ವಾರ

ವೇಗವೇ ಬೇಡದ ಅಭ್ಯಾಸಗಳಿವೆ ಎನ್ನುವುದು ನನಗೆ ಹೊಸ ತಿಳಿವಳಿಕೆ. ಜಗಳೂರು ರಸ್ತೆಯಲ್ಲಿ ಅರವತ್ತರ ವೇಗದಲ್ಲೇ ಅವನು ಇವನ್ನು ಮಾಡಿದ: ಸೀಟು ಹೊಸ ಜಾಗದಲ್ಲೇ ಇಟ್ಟು ಓಡಿಸುವುದು, ತಿರುವಿಗೆ ಸ್ಟೇರಿಂಗ್ ಒಂದೇ ಸಲ ತಿರುಗಿಸಿ ಮತ್ತೆ ಮತ್ತೆ ತಿದ್ದದೆ ಹೋಗುವುದು, ನಿಲ್ಲುವಾಗ ಬ್ರೇಕನ್ನು ಕೊನೆಗೆ ನಯವಾಗಿ ಬಿಟ್ಟು ಕಾರಿನ ಮೂಗು ಕುಕ್ಕರಿಸದ ಹಾಗೆ ನಿಲ್ಲಿಸುವುದು. ಪಕ್ಕದ ಸೀಟಿನಲ್ಲಿ ಅಕ್ಕ ಇದ್ದ ಒಂದು ದಿನ, ಅವಳ ಮಡಿಲಲ್ಲಿದ್ದ ಮಜ್ಜಿಗೆ ಪಾತ್ರೆ ಚೆಲ್ಲಲಿಲ್ಲವಂತೆ.

ಉಳಿದ ದುಡ್ಡಲ್ಲಿ ಕಾರಿಗೆ ಮಾಡಿದ್ದು ಸ್ವಲ್ಪವೇ. ಹೊಸ ಟೈರಿನ ಆಸೆ ಬಿಟ್ಟೆವು. ಬ್ರೇಕ್ ಆಯಿಲ್ ಮಾತ್ರ ನಾನು ಹಟ ಹಿಡಿದು ಬದಲಿಸಿದೆ. ಅದು ಗಾಳಿಯ ತೇವ ಹೀರುವ ಎಣ್ಣೆ. ಡಾಟ್ 4 ಅನ್ನುವ ದರ್ಜೆಯ ಆಯಿಲ್ ಹೊಸದಿರುವಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು ಅಂತ ನಿಯಮ, ನೀರು ಹೀರಿಕೊಂಡ ಮೇಲೆ ಆ ಕನಿಷ್ಠ 155ಕ್ಕೆ ಇಳಿಯುತ್ತದೆ. ಇಬ್ಬರು ಕೂತ ಹ್ಯಾಚ್‌ಬ್ಯಾಕು ಹತ್ತಿರ ಹತ್ತಿರ 1200 ಕೆಜಿ; ಅದನ್ನು 150ರಿಂದ 70ಕ್ಕೆ ಇಳಿಸುವಾಗ ಹುಟ್ಟುವ ಶಾಖ ಎರಡು ಲೀಟರ್ ತಣ್ಣೀರು ಕುದಿಯಲು ಸಾಕು, ಅದೂ ಒಂದೊಂದು ದೊಡ್ಡ ತಿರುವಿಗೂ ಹೊಸದಾಗಿ. ಆಯಿಲ್ ಒಮ್ಮೆ ಕುದ್ದು ಆವಿಯಾದರೆ ಪೆಡಲ್ ಬೆಣ್ಣೆಗೆ ಕಾಲಿಟ್ಟ ಹಾಗೆ ಕೆಳಗೆ ಹೋಗುತ್ತದೆ. ಆ ಕಾರಿನ ಆಯಿಲ್‌ಗೂ ಕಾರಿನಷ್ಟೇ ವಯಸ್ಸಾಗಿತ್ತು, ಬಣ್ಣ ಕಾಫಿಯದು. ತರಬೇತಿಗೆ ಮುಂಚೆಯೇ ಬದಲಿಸಬೇಕಿತ್ತು. ಟೈರಿನ ಲೆಕ್ಕದಲ್ಲಿ ಮುಳುಗಿ ಮರೆತದ್ದು ನಾನೇ.

ಟ್ರ್ಯಾಕ್ ಡೇ

ಇದರ ಬಗ್ಗೆ ಬರೆಯುವುದು ಹೆಚ್ಚಿಲ್ಲ, ಹಾಗಿರುವುದೇ ಒಳ್ಳೆಯದು. ನಾಲ್ಕು ಸರದಿ ಓಡಿಸಿದ. ಮೊದಲ ಸರದಿಯಲ್ಲಿ ಐವರು ಗೆಳೆಯರಲ್ಲಿ ಕೊನೆಯವನು ಇವನೇ, ಮೂರನೆಯ ಸರದಿಯ ಹೊತ್ತಿಗೆ ಇಬ್ಬರು ಇವನಿಗೆ ದಾರಿ ಬಿಡುತ್ತಿದ್ದರು. ರೀಮ್ಯಾಪ್ ಮಾಡಿಸಿದ ಗೆಳೆಯ ಉದ್ದ ನೇರದಲ್ಲಿ ದೂರ ಹೋಗುವುದು, ತಿರುವಿನ ಬಾಯಲ್ಲಿ ಇವನಿಗೆ ಸಿಗುವುದು, ಹೀಗೇ ನಡೆಯಿತು. ಆ ಗೆಳೆಯ ಎರಡನೆಯ ಸರದಿಯಲ್ಲಿ, ನೇರ ಮುಗಿದ ಕೂಡಲೇ ಬರುವ ವೇಗದ ಮೊದಲ ತಿರುವಿನ ನಡುವೆ ಹೆದರಿ ಕಾಲೆತ್ತಿದ. ಕಾರು ಒಂದೂವರೆ ಸುತ್ತು ತಿರುಗಿ ಹುಲ್ಲಿನಲ್ಲಿ ನಿಂತಿತು. ಹಳದಿ ಬಾವುಟ ಎದ್ದಿತು. ಏನೂ ತಾಗಿರಲಿಲ್ಲ. ಆಮೇಲೆ ಅವನು ಆವತ್ತು ಟ್ರ್ಯಾಕಿಗೆ ಇಳಿಯಲಿಲ್ಲ, ಬಿಸಿಲಲ್ಲಿ ಕುರ್ಚಿ ಹಾಕಿಕೊಂಡು ಸುಮ್ಮನೆ ಕೂತಿದ್ದ.

ಅಳಿಯನಿಗೂ ಒಂದು ಪರೀಕ್ಷೆ ಆಯಿತು. ನಾಲ್ಕನೆಯ ಸರದಿಯಲ್ಲಿ ಬ್ರೇಕ್ ಪೆಡಲ್ ಉದ್ದವಾಗಿದೆ ಅನ್ನಿಸಿತಂತೆ. ಹೊಸ ಆಯಿಲ್ ಇದ್ದರೂ ಮನೆಯ ಕಾರಿನ ಪ್ಯಾಡಿಗೆ ಅದರದ್ದೇ ಮಿತಿ ಇದೆ. ಹಿಂದಿನವರಿಗೆ ಸೂಚನೆಯಾಗಿ ಕೈ ಹೊರಗೆ ಚಾಚಿ, ನಿಧಾನವಾಗಿ ಒಂದು ಪೂರ್ತಿ ಸುತ್ತು ಬ್ರೇಕ್ ಮುಟ್ಟದ ಹಾಗೆ ತಣಿಸಿಕೊಂಡು ಒಳಗೆ ಬಂದ, ಹ್ಯಾಂಡ್‌ಬ್ರೇಕ್ ಎಳೆಯದೆ ಗೇರಿನಲ್ಲಿ ನಿಲ್ಲಿಸಿದ. ಎಡಗೈ ಚಾಚಿದೆ ಅಂದದ್ದಕ್ಕೆ ನಾನು ನಕ್ಕೆ. ನಮ್ಮ ಕಾರಲ್ಲಿ ಓಡಿಸುವವನ ಕಿಟಕಿ ಇರುವುದು ಬಲಗಡೆ. ‘ಬಲಗೈಯೋ ಎಡಗೈಯೋ, ಚಾಚಿದ್ದಂತೂ ಹೌದು ಮಾಮ’ ಅಂದ. ಇನ್ನೂ ಎಂಟು ನಿಮಿಷ ಬಾಕಿ ಇತ್ತು, ಅದಕ್ಕೆ ದುಡ್ಡೂ ಕೊಟ್ಟಾಗಿತ್ತು. ಹೋಗಲಿಲ್ಲ.

ನಾನು ಅಲ್ಲಿರಲಿಲ್ಲ, ಇದೆಲ್ಲ ಅವನ ಬಾಯಿಂದ ಕೇಳಿದ್ದು. ಕಣ್ಣಾರೆ ನೋಡಿದ್ದು ಮಂಗಳವಾರ, ಕಾರನ್ನು ಅಂಗಡಿಯ ಲಿಫ್ಟಿಗೆ ಏರಿಸಿದಾಗ. ಇರುಂಗಾಟ್ಟುಕೋಟೈಯಲ್ಲಿ ಸುತ್ತುವುದು ಗಡಿಯಾರದ ಮುಳ್ಳಿನ ದಿಕ್ಕಿಗೆ, ಬಲ ತಿರುವು ಜಾಸ್ತಿ, ಭಾರ ಬೀಳುವುದು ಎಡಗಡೆಯ ಟೈರಿಗೆ. ಎಡ ಮುಂದಿನ ಟೈರಿನ ಹೊರ ಅಂಚು ತುರಿಮಣೆಗೆ ಹಚ್ಚಿದ ಹಾಗೆ ಸವೆದಿತ್ತು. ಬಲಗಡೆಯದು ಪರವಾಗಿಲ್ಲ, ಆದರೂ ಜೋಡಿ ಬದಲಿಸಲೇಬೇಕು.

‘ಇದನ್ನ ನಾವು ಲೆಕ್ಕದಾಗೆ ಬರೆದಿರ್ಲಿಲ್ಲ’ ಅಂದ ಅಳಿಯ.

ಬರೆದಿರಲಿಲ್ಲ, ನಿಜ. ತರಬೇತಿ ಶುಲ್ಕ, ಟ್ರ್ಯಾಕ್ ಶುಲ್ಕ, ಎರಡು ಸಲದ ಪೆಟ್ರೋಲ್, ಟೋಲ್, ಹೆಲ್ಮೆಟ್, ಕಾರ್ಟಿಂಗ್, ಬ್ರೇಕ್ ಆಯಿಲ್, ಈಗ ಎರಡು ಟೈರು. ಅರವತ್ತು ಸಾವಿರ ಎಂದೋ ದಾಟಿತ್ತು. ಟೈರಿಗೆ ನಾನು ಕೊಂಡ ಬೆಲೆಯನ್ನಷ್ಟೇ ಹಾಕಿ ಚೀಟಿ ಬರೆದುಕೊಟ್ಟೆ. ಅದನ್ನು ಮಡಚಿ ಜೇಬಿಗಿಟ್ಟುಕೊಂಡು, ಮಂಡಿ ಬಾಗಿಲು ತೆಗೆಯುವ ಹೊತ್ತಾಯಿತು ಅಂತ ಅಂಗಡಿ ಹುಡುಗನ ಸ್ಕೂಟರ್ ಇಸಿದುಕೊಂಡು ಎಪಿಎಂಸಿ ಕಡೆ ಹೊರಟ.